ಸೀಲಿಂಗಿಗೆ ಪೇಪರ್ ಟೇಪು ಗುಳ್ಳೆ ಏಳದ ಹಾಗೆ ಹಚ್ಚಿದ್ದು: ನನ್ನ ಅನುಭವ

ಜಿಪ್ಸಮ್ ಬೋರ್ಡಿನ ಸೀಲಿಂಗಿನಲ್ಲಿ ಎರಡು ಬೋರ್ಡ್ ಸೇರುವ ಜಾಯಿಂಟ್ ಮುಚ್ಚೋಕೆ ಕಾಂಪೌಂಡ್ (ಜಾಯಿಂಟಿಗೆ ಎಳೆಯುವ ಪೇಸ್ಟು) ಹಚ್ಚಿ ಅದರ ಮೇಲೆ ಕೂರಿಸುವ ಕಾಗದದ ಪಟ್ಟಿಯೇ ಪೇಪರ್ ಟೇಪು. ದಾವಣಗೆರೆಯಲ್ಲಿ ನನಗೆ ಗೊತ್ತಿರುವ ಸೀಲಿಂಗ್ ಮೇಸ್ತ್ರಿಗಳಲ್ಲಿ ಹೆಚ್ಚಿನವರು ಅದನ್ನು ಬಿಟ್ಟುಬಿಟ್ಟಿದ್ದಾರೆ. ಅದರ ಬದಲು ಹಚ್ಚುವ, ಬಲೆಯಂಥ ಜಾಲಿ ಟೇಪಿಗೆ ಬೆನ್ನಲ್ಲೇ ಗೋಂದು ಇರುತ್ತದೆ. ಅಂಟಿಸಿ, ಮೇಲೆ ಕಾಂಪೌಂಡ್ ಎಳೆದರೆ ಕೆಲಸ ಮುಗೀತು. ನಾನು ಪೇಪರೇ ಹಚ್ತೀನಿ ಅಂದಾಗ, "ಅಣ್ಣಾ, ನಮ್ಮೂರ ಬಿಸಿಲಿಗೆ ಪೇಪರ್ ನಿಲ್ಲಂಗಿಲ್ಲ, ಸುಮ್ನೆ ಜಾಲಿ ಹಚ್ಚಿ ಮುಗಿಸ್ರಿ" ಅಂದವರೇ ಎಲ್ಲ. ನಿಜಲಿಂಗಪ್ಪ ಬಡಾವಣೆಯ ಒಂದು ಮನೆಗೆ ಏಪ್ರಿಲ್ ಬಿಸಿಲಲ್ಲೇ ಹಚ್ಚಿದೆ. ಅದಾದ ಮೇಲೆ ಮಳೆಗಾಲ ಬಂತು, ಚಳಿ ಬಂತು, ಮತ್ತೊಂದು ಬೇಸಿಗೆಯೂ ಹೋಯಿತು. ಇವತ್ತಿಗೂ ಜಾಯಿಂಟ್ ಎಲ್ಲಿದೆ ಅಂತ ಬ್ಯಾಟರಿ ಬಿಟ್ಟು ಹುಡುಕಿದರೂ ಸಿಗುವುದಿಲ್ಲ.

ಅದಕ್ಕೂ ಮೊದಲು ಇದೇ ಪೇಪರ್ ಟೇಪಿನಲ್ಲಿ ನನ್ನ ದುಡ್ಡು ಹೋಗಿದೆ. ಹದಡಿ ರಸ್ತೆ ಕಡೆಯ ಒಂದು ಮನೆ, ಸುಮಾರು 900 ಚದರ ಅಡಿ ಸೀಲಿಂಗ್. ಪೇಂಟ್ ಆಗಿ ತಿಂಗಳೂ ಆಗಿರಲಿಲ್ಲ, ಹಾಲ್‌ನಲ್ಲಿ ಟೇಪು ಉದ್ದಕ್ಕೂ ಗುಳ್ಳೆ ಎದ್ದಿತ್ತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಮಾಲೀಕರು 20 ಸಾವಿರದ ಹತ್ತಿರ ಹಿಡಿದಿಟ್ಟುಕೊಂಡರು. ಕಿತ್ತು, ಮತ್ತೆ ಹಚ್ಚಿ, ತಿಕ್ಕಿ, ಪೇಂಟಿನವರಿಗೆ ಎರಡನೇ ಸಲ ಕೂಲಿ ಕೊಟ್ಟು ಮುಗಿಸುವಷ್ಟರಲ್ಲಿ ಆ ಮನೆಯಲ್ಲಿ ನನಗೆ ಏನೂ ಉಳಿಯಲಿಲ್ಲ.

ಆದರೆ ಕಿತ್ತ ಟೇಪನ್ನು ಬಿಸಾಡದೆ ತಿರುಗಿಸಿ ನೋಡಿದೆ. ಬೆನ್ನು ಕ್ಲೀನಾಗಿತ್ತು, ಕಾಂಪೌಂಡಿನ ಒಂದು ಚುಕ್ಕೆಯೂ ಇಲ್ಲ. ಕಾಂಪೌಂಡ್ ಮಾತ್ರ ಬೋರ್ಡ್ ಮೇಲೆ ಗಟ್ಟಿಯಾಗಿ ಕೂತಿತ್ತು. ಅಂದರೆ ಟೇಪು ಕೂರುವ ಹೊತ್ತಿಗೆ ಕಾಂಪೌಂಡಿನ ಮೇಲ್ಮೈ ಆಗಲೇ ಒಣಗಿತ್ತು. ಕಾಂಪೌಂಡ್ ಸಮೇತ ಕಿತ್ತು ಬಂದಿದ್ದರೆ ತಪ್ಪು ಬೋರ್ಡಿನ ಧೂಳಿನದು ಅನ್ನಬಹುದಿತ್ತು. ನೀವೂ ಟೇಪು ಕಿತ್ತಾಗ ಮೊದಲು ಅದರ ಬೆನ್ನು ನೋಡಿ. ಏನಾಗಿದೆ ಅಂತ ಅಲ್ಲೇ ಬರೆದಿರುತ್ತದೆ.

ಅವತ್ತಿನಿಂದ ನಾನು ಗಮನ ಇಟ್ಟಿದ್ದು ನೀರಿನ ಮೇಲೆ ಮಾತ್ರ. ಒಣ ಪೇಪರ್ ನೀರು ಹೀರುತ್ತದೆ, ಕತ್ತರಿಸಿದ ಬೋರ್ಡಿನ ಅಂಚು ಅದಕ್ಕಿಂತ ಜಾಸ್ತಿ ಹೀರುತ್ತದೆ, ಉಳಿದಿದ್ದನ್ನು ನಮ್ಮ ಮಾರ್ಚ್–ಮೇ ಗಾಳಿ ಎಳೆದುಕೊಳ್ಳುತ್ತದೆ. 38–40 ಡಿಗ್ರಿಯಲ್ಲಿ, ಮೇಲೆ ಫ್ಯಾನ್ ತಿರುಗುತ್ತಿದ್ದರೆ, ತೆಳ್ಳಗೆ ಎಳೆದ ಕಾಂಪೌಂಡ್ ಎಷ್ಟು ಹೊತ್ತು ಹಸಿ ಇರುತ್ತೆ ಹೇಳಿ?

ಈಗ ಮಾಡುವುದು ಹೀಗೆ. ಬೆಳಿಗ್ಗೆ ಆರೂವರೆಗೆ ಶುರು, ಹನ್ನೊಂದಕ್ಕೆ ಟೇಪು ಕೆಲಸ ಬಂದ್. ಕಿಟಕಿ ಮುಚ್ಚಬೇಕು, ಫ್ಯಾನ್ ಹಾಕಂಗಿಲ್ಲ. ಹುಡುಗರು ಬೆವರಿ ಗೊಣಗುತ್ತಾರೆ, ಗೊಣಗಲಿ. ಕತ್ತರಿಸಿದ ಅಂಚುಗಳು ಸೇರುವ ಕಡೆ ಚಾಕುವಿನಿಂದ ವಿ ಆಕಾರಕ್ಕೆ ಕೆತ್ತಿ, ಎದ್ದ ಪೇಪರ್ ಎಳೆ ತೆಗೆದು, ನೀರು ಬೆರೆಸಿದ ಪ್ರೈಮರ್ ಬಳಿದು ಹಿಂದಿನ ದಿನವೇ ಒಣಗಿಸಿರುತ್ತೇನೆ. ಸಂದು ದೊಡ್ಡದಿದ್ದರೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬುತ್ತೇನೆ. ಟೇಪಿನ ಕೆಳಗೆ ಮಾತ್ರ ಪಿಒಪಿ ಬೇಡವೇ ಬೇಡ. ಅದು ಹತ್ತು–ಹದಿನೈದು ನಿಮಿಷದಲ್ಲಿ ಸೆಟ್ ಆಗಲು ಶುರು ಮಾಡುತ್ತದೆ. ಒಮ್ಮೆ ಶುರುವಾದ ಮೇಲೆ ಟೇಪು ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ಟೇಪಿನ ಕೆಳಗಿನ ಕೋಟಿಗೆ ಕಾಂಪೌಂಡ್ ಸ್ವಲ್ಪ ತೆಳ್ಳಗೆ ಕಲೆಸುತ್ತೇನೆ, ದೋಸೆ ಹಿಟ್ಟಿಗಿಂತ ತುಸು ಗಟ್ಟಿ. ಟೇಪಿನ ಅಗಲ ಎರಡು ಇಂಚಾದರೆ ಕಾಂಪೌಂಡ್ ಮೂರು–ಮೂರೂವರೆ ಇಂಚು. ಒಂದು ಸಲಕ್ಕೆ ಆರಡಿಗಿಂತ ಜಾಸ್ತಿ ಎಳೆಯುವುದಿಲ್ಲ. ಟೇಪನ್ನು ಮೊದಲೇ ಅಳತೆಗೆ ಕತ್ತರಿಸಿಕೊಂಡು, ನೀರಿನ ಬಕೆಟ್ಟಲ್ಲಿ ಒಮ್ಮೆ ಎಳೆದು, ಎರಡು ಬೆರಳ ಮಧ್ಯೆ ಹಿಂಡುತ್ತೇನೆ. ಮುಟ್ಟಿದರೆ ತಣ್ಣಗಿರಬೇಕು, ತೊಟ್ಟಿಕ್ಕಬಾರದು. ನೆನೆಸಿ ಬಿಟ್ಟರೆ ಪೇಪರ್ ಹಿಗ್ಗಿ ಸುಕ್ಕು ಬರುತ್ತದೆ. ಟೇಪಿನ ನಡುವಿನ ಮಡಿಕೆಯ ಉಬ್ಬು ಬೋರ್ಡಿನ ಕಡೆಗೆ ಇರಬೇಕು. ಕಾಂಪೌಂಡ್ ಎಳೆಯುವ ಬ್ಲೇಡನ್ನು ಓರೆ ಹಿಡಿದು ಮಧ್ಯದಿಂದ ಎರಡೂ ತುದಿಗೆ ಎಳೆಯಬೇಕು. ಅಂಚಲ್ಲಿ ಕಾಂಪೌಂಡ್ ಸಣ್ಣಗೆ ಹೊರಗೆ ಬರಬೇಕು, ಆದರೆ ಪೂರ್ತಿ ಹಿಂಡಿ ತೆಗೆಯಬಾರದು. ಒಳಗೆ ಏನೂ ಉಳಿಯದಿದ್ದರೆ ಹಿಡಿಯೋಕೆ ಏನಿರುತ್ತೆ? ಎಷ್ಟು ಒತ್ತಬೇಕು ಅನ್ನುವುದು ಕೈಗೆ ಬರಬೇಕು, ಬರೆದು ತಿಳಿಸೋಕೆ ಆಗಲ್ಲ. ಅದೇ ಏಟಿನಲ್ಲಿ ಟೇಪಿನ ಮೇಲೂ ತೆಳು ಕೋಟ್ ಕೊಟ್ಟುಬಿಡಬೇಕು. ಕೆಳಗಿನ ಕೋಟಿಗೆ ನಾನು ಇನ್ನೊಂದು ಸಾಮಾನು ಬೆರೆಸುತ್ತೇನೆ. ಎಷ್ಟೋ ದಿನ ಕೂತು ಕಂಡುಕೊಂಡಿದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ನಿಲ್ಲುತ್ತದೆ.

ಆ ಸಾಮಾನು ಫೆವಿಕಾಲ್ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬರೀ ಫೆವಿಕಾಲಿನಲ್ಲಿ ಟೇಪು ಹಚ್ಚಿ ನೋಡಿದ್ದೇನೆ. ಚೆನ್ನಾಗಿ ಹಿಡಿಯಿತು. ಆದರೆ ಅಂಚಿಗೆ ಬಂದ ಗೋಂದು ಒಣಗಿದ ಮೇಲೆ ರಬ್ಬರಿನಂತಾಗಿ, ಮರಳು ಕಾಗದಕ್ಕೆ ಜಗ್ಗಲಿಲ್ಲ. ಹಳೇ ಕಾಲದ ಪಿಒಪಿಯವರ ಹಾಗೆ ಬ್ಯಾಂಡೇಜ್ ಬಟ್ಟೆಯನ್ನೂ ಹಾಕಿ ನೋಡಿದೆ. ಬಲ ಇದೆ, ಆದರೆ ದಪ್ಪ. ಬದಿಯಿಂದ ಲೈಟ್ ಬಿದ್ದರೆ ಉಬ್ಬು ಕಾಣುತ್ತೆ. ಬೋರ್‌ವೆಲ್ ನೀರು, ಕುಡಿಯುವ ನೀರು ಎರಡರಲ್ಲೂ ಪಿಒಪಿ ಕಲೆಸಿ ಪಕ್ಕಪಕ್ಕ ಇಟ್ಟಿದ್ದೆ. ನಮ್ಮ ಸೈಟಿನ ಬೋರ್ ನೀರಿನದು ಬೇಗ ಸೆಟ್ ಆಯಿತು. ಅಂದಿನಿಂದ ಕಲೆಸೋಕೆ ಸಿಹಿನೀರೇ ತರಿಸುತ್ತೇನೆ.

ಎರಡನೇ ಕೋಟು ಮರುದಿನ, ಎಂಟು ಇಂಚು ಅಗಲ. ಮೂರನೆಯದು ಹನ್ನೆರಡು. ಮಧ್ಯೆ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಮೇಲಿನ ಕೋಟಿನ ನೀರು ಇಳಿದು ಟೇಪನ್ನು ಮತ್ತೆ ಎಬ್ಬಿಸುತ್ತದೆ. ಬೋರ್ಡ್ ಹಿಡಿದಿರುವ ಫ್ರೇಮು ಅಲುಗಾಡುತ್ತಿದ್ದರೆ, ಸ್ಕ್ರೂ 9 ಇಂಚಿಗೊಂದು ಬಿದ್ದಿರದಿದ್ದರೆ, ಇದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಖರ್ಚಿನ ಮಾತು. ನಾನು ತರುವಾಗ ಪೇಪರ್ ಟೇಪು ರೋಲಿಗೆ ನೂರೈವತ್ತರ ಆಸುಪಾಸು ಬಿತ್ತು. 900 ಚದರ ಅಡಿಯ ಮನೆಗೆ ಕಾಂಪೌಂಡ್ ಒಂದು ಚೀಲ ಜಾಸ್ತಿ, ಕೂಲಿ ಒಂದು ದಿನ ಜಾಸ್ತಿ. ಎಲ್ಲ ಸೇರಿ ಆಗ ಚದರ ಅಡಿಗೆ ಎರಡು–ಮೂರು ರೂಪಾಯಿ ಏರಿತು. ಮಾಲೀಕರು ಚೌಕಾಸಿ ಮಾಡಿದರೆ ನಿಜಲಿಂಗಪ್ಪ ಬಡಾವಣೆಯ ಮನೆಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಜಾಲಿ ಹಚ್ಚಿ ಅಂದಿದ್ದ ಮೇಸ್ತ್ರಿಗಳಲ್ಲಿ ಒಬ್ಬರು ಮೊನ್ನೆ ಶಾಮನೂರು ರಸ್ತೆಯ ತಮ್ಮ ಕೆಲಸಕ್ಕೆ ನನ್ನ ಹುಡುಗನನ್ನೇ ಎರಡು ದಿನ ಕೇಳಿದರು. ಕಳಿಸಿದ್ದೇನೆ, ಕೂಲಿ ಮಾತ್ರ ನನ್ನ ರೇಟಿನಲ್ಲಿ.