ಆರ್‌ನಲ್ಲಿ ಟೊಮ್ಯಾಟೊ ಧಾರಣೆಯ ಹಿಸ್ಟೋಗ್ರಾಂ: ಕಾಣೆಯಾದ ಜುಲೈ

ಕೋಲಾರದ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಹರಾಜಾಗುವುದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಮುಳಬಾಗಿಲ ಕಡೆ ತೋಟ ಮಾಡುವ ನಮ್ಮ ಮಾವ, ಮೂರು ವರ್ಷದ ಬಾಕ್ಸ್ ಧಾರಣೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದನ್ನು ಎಕ್ಸೆಲ್‌ಗೆ ಹಾಕಿ, ಸಿಎಸ್‌ವಿ (ಬರೀ ಪಠ್ಯದ ಕಡತ) ಮಾಡಿ, ಅಂಕಿಅಂಶಗಳ ಕೆಲಸಕ್ಕೆ ಬಳಸುವ 'ಆರ್' (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೆರೆದೆ. ಯಾವ ಬೆಲೆ ಎಷ್ಟು ದಿನ ಸಿಕ್ಕಿದೆ ಅಂತ ಕಂಬಗಳಲ್ಲಿ ತೋರಿಸುವ ಒಂದು ಚಿತ್ರ, ಅಂದರೆ ಹಿಸ್ಟೋಗ್ರಾಂ, ಬೇಕಿತ್ತು, ಅಷ್ಟೇ.

ಹಿಸ್ಟೋಗ್ರಾಂ ಬರೆಯುವ 'ಹಿಸ್ಟ್' ಆಜ್ಞೆ ಕೊಟ್ಟ ತಕ್ಷಣ ಎರರ್: 'ಎಕ್ಸ್ ಮಸ್ಟ್ ಬಿ ನ್ಯೂಮರಿಕ್'. ಕಣ್ಣಿಗೆ ಕಾಣುವುದೆಲ್ಲ ಅಂಕಿಗಳೇ ಅಲ್ವಾ? ಆದರೆ ಯಾವ ಕಾಲಂನಲ್ಲಿ ಏನಿದೆ ಅಂತ ಹೇಳುವ 'ಎಸ್‌ಟಿಆರ್' ಹಾಕಿ ನೋಡಿದರೆ ಬೆಲೆಯ ಕಾಲಂ ಮುಂದೆ 'ಸಿಎಚ್‌ಆರ್' ಅಂತಿತ್ತು. ಆರ್ ಅದನ್ನು ಅಕ್ಷರ ಅಂತ ಓದಿಕೊಂಡಿತ್ತು. ಧಾರಣೆ ಇಲ್ಲದ ದಿನಗಳಿಗೆ ನಾನು ಸಣ್ಣ ಗೆರೆ ಹಾಕಿದ್ದೆ. ಅಂಥ ಒಂದೇ ಒಂದು ಗೆರೆ ಸಾಕು, ಇಡೀ ಕಾಲಂ ಅಕ್ಷರವಾಗಿಬಿಡುತ್ತದೆ.

ಅಕ್ಷರವನ್ನು ಅಂಕಿ ಮಾಡುವ 'ಆಸ್ ಡಾಟ್ ನ್ಯೂಮರಿಕ್' ಹಾಕಿದೆ. ಕೆಲವು ಮೌಲ್ಯಗಳು ಎನ್‌ಎ (ಮೌಲ್ಯ ಇಲ್ಲ ಅನ್ನುವ ಗುರುತು) ಆಗಿವೆ ಅಂತ ಎಚ್ಚರಿಕೆ ಬಂತು. ಆ ಗೆರೆಗಳೇ ಇರಬೇಕು ಅಂದುಕೊಂಡೆ. ಹಿಸ್ಟೋಗ್ರಾಂ ಚೆನ್ನಾಗಿಯೇ ಮೂಡಿತು. ಅದನ್ನೇ ನಯವಾದ ಗೆರೆಯಾಗಿ ತೋರಿಸಲು ಬೇಕಾದ 'ಡೆನ್ಸಿಟಿ' ಮಾತ್ರ ಎನ್‌ಎ ಇದೆ ಅಂತ ಹಟ ಹಿಡಿಯಿತು. ಎನ್‌ಎಗಳನ್ನು ಬಿಟ್ಟುಬಿಡು ಅನ್ನುವ 'ಎನ್‌ಎ ಡಾಟ್ ಆರ್‌ಎಂ' ಟ್ರೂ ಮಾಡಿ ಅದರ ಬಾಯಿ ಮುಚ್ಚಿಸಿದೆ.

ಮಾವನಿಗೆ ತೋರಿಸಿದೆ. ಒಂದು ನಿಮಿಷ ನೋಡಿದರು. "ಎಲ್ಲಪ್ಪಾ 2023ರ ಜುಲೈ? ಬಾಕ್ಸು ಎರಡು ಸಾವಿರ ದಾಟಿತ್ತಲ್ಲ. ಇದು ಸಾವಿರದೊಳಗೇ ನಿಂತೋಗಿದೆ."

ಎದೆ ಧಸಕ್ ಅಂತು. ಎಕ್ಸೆಲ್‌ನಲ್ಲಿ ಓದೋಕೆ ಸುಲಭ ಅಂತ ಅಂಕಿಗಳಿಗೆ ಕಾಮಾ ಇಟ್ಟಿದ್ದೆ. ಸಿಎಸ್‌ವಿ ಮಾಡಿದಾಗ ಆ ಕಾಮಾ ಜೊತೆಗೇ ಬಂದಿತ್ತು. 640 ಸರಿಯಾಗಿ ಅಂಕಿಯಾಯಿತು, 2,100 ಎನ್‌ಎ ಆಯಿತು. ಅಂದರೆ ಸಾವಿರ ದಾಟಿದ ಪ್ರತಿ ದಿನವೂ ಹೊರಗೆ. 'ಹಿಸ್ಟ್' ಎನ್‌ಎಗಳನ್ನು ಏನೂ ಹೇಳದೆ ಬಿಟ್ಟುಬಿಡುತ್ತದೆ. ಎರರ್ ಬಂದರೆ ನಿಂತು ನೋಡುತ್ತೇವೆ, ಚಿತ್ರ ಬಂದರೆ ನಂಬುತ್ತೇವೆ. ನನಗೆ ಈಗಲೂ ಭಯ ಇರುವುದು ಈ ಎರಡನೆಯದರ ಬಗ್ಗೆಯೇ.

ಸರಿಮಾಡಿದ್ದು ಹೀಗೆ. ಮೊದಲು 'ಜಿಸಬ್' ಬಳಸಿ ಕಾಮಾ ತೆಗೆದೆ, ಆಮೇಲೆ ಅಂಕಿ ಮಾಡಿದೆ. ಎನ್‌ಎ ಆದ ಸಾಲುಗಳ ಮೂಲ ಬರಹವನ್ನು ಒಂದೊಂದಾಗಿ ತೆಗೆದು ನೋಡಿದೆ. ಬರೀ ಗೆರೆಗಳಿದ್ದವು. ಆಮೇಲಷ್ಟೇ ಅವನ್ನು ಬಿಟ್ಟೆ.

ಇನ್ನೊಂದು ಮಾತು. 2020ರಲ್ಲಿ ಬಂದ 4.0.0ಗಿಂತ ಹಳೆಯ ಆರ್ ಇದ್ದರೆ ಇಂಥ ಕಾಲಂ ಫ್ಯಾಕ್ಟರ್ ಆಗುತ್ತದೆ, ಅಂದರೆ ಬೇರೆ ಬೇರೆ ಬರಹಕ್ಕೆ ಒಂದೊಂದು ಕ್ರಮಸಂಖ್ಯೆ ಕೊಟ್ಟ ಪಟ್ಟಿಯಾಗುತ್ತದೆ. ಅದನ್ನು ನೇರವಾಗಿ ಅಂಕಿ ಮಾಡಿದರೆ ಬೆಲೆಯ ಬದಲು 1, 2, 3 ಅಂತ ಕ್ರಮಸಂಖ್ಯೆ ಬರುತ್ತದೆ, ಎಚ್ಚರಿಕೆಯೂ ಇರುವುದಿಲ್ಲ. ಮೊದಲು 'ಆಸ್ ಡಾಟ್ ಕ್ಯಾರೆಕ್ಟರ್' ಹಾಕಿ ಅಕ್ಷರ ಮಾಡಿಕೊಳ್ಳಲೇಬೇಕು.

ಹೊಸ ಚಿತ್ರದಲ್ಲಿ ಬಲಗಡೆ ಉದ್ದ ಬಾಲ ಬಂತು. ಕಂಬಗಳು ತೀರಾ ಕಡಿಮೆ ಇದ್ದವು, 'ಬ್ರೇಕ್ಸ್' 40 ಮಾಡಿದೆ. ತುದಿಯ ಪುಟ್ಟ ಕಂಬಗಳ ಮೇಲೆ ಮಾವ ಬೆರಳಿಟ್ಟರು. "ಹಾ, ಇದೇ ನೋಡು. ಬೋರ್‌ವೆಲ್ ಸಾಲ ತೀರಿದ್ದು ಈ ದಿನಗಳಲ್ಲೇ."