ಅಮೃತಸರ, ಲಾಹೋರ್: ಎರಡು ದೇಶದ ಗಾಳಿ ಲೆಕ್ಕವನ್ನು ಒಂದೇ ಟೇಬಲ್‌ಗೆ ತಂದ ನನ್ನ ಅನುಭವ

ಅಮೃತಸರಕ್ಕೂ ಲಾಹೋರಿಗೂ ನಡುವೆ 50 ಕಿಲೋಮೀಟರ್ ಆಸುಪಾಸು, ಅಂದರೆ ಬೆಂಗಳೂರಿನಿಂದ ರಾಮನಗರಕ್ಕೆ ಹೋದಷ್ಟು. ಎರಡೂ ಊರಲ್ಲಿ ಪಿಎಂ 2.5, ಅಂದರೆ ಗಾಳಿಯಲ್ಲಿರುವ ತೀರಾ ಸಣ್ಣ ಮಾಲಿನ್ಯದ ಕಣ, ಅಳೆಯುವ ಯಂತ್ರಗಳಿವೆ, ಎರಡೂ ಕಡೆಯ ಅಂಕಿಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಪಕ್ಕಪಕ್ಕ ಇಟ್ಟು ನೋಡಲು ಏನು ಕಷ್ಟ ಅನ್ನಿಸುತ್ತದೆ ಅಲ್ವಾ? ನಾನು ಬೆಂಗಳೂರಲ್ಲಿ ಕೂತು ಮಾಡುವ ಕೆಲಸವೇ ಅದು, ಜೊತೆಗೆ ಕಠ್ಮಂಡುವಿನ ಡೇಟಾ ಕೂಡ ಇದೆ. 1998ರ ಮಾಲೆ ಘೋಷಣೆಯಲ್ಲಿ ಭಾರತ, ಪಾಕಿಸ್ತಾನ, ನೇಪಾಳ ಸೇರಿ 8 ದೇಶಗಳು ಗಡಿ ದಾಟುವ ಮಾಲಿನ್ಯದ ವಿಷಯದಲ್ಲಿ ಕೈ ಜೋಡಿಸುತ್ತೇವೆ ಅಂತ ಒಪ್ಪಿದ್ದವು. ಆದರೆ ನನಗೆ ಬೇಕಾದ ಗಂಟೆಗಂಟೆಯ ಅಂಕಿ ಆ ದಾರಿಯಲ್ಲಿ ಬರುವುದಿಲ್ಲ. ಎಲ್ಲರಿಗೂ ತೆರೆದಿಟ್ಟಿರುವುದನ್ನೇ, ಮುಖ್ಯವಾಗಿ ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ಪೋರ್ಟಲ್ ಮತ್ತು ಹಲವು ದೇಶಗಳ ಗಾಳಿ ಡೇಟಾ ಒಟ್ಟಿಗೆ ಇಡುವ ಓಪನ್‌ಎಕ್ಯೂ ತಾಣದಿಂದ ಎಳೆದುಕೊಳ್ಳುತ್ತೇನೆ.

ಈ ಕೆಲಸದಲ್ಲಿ ನಾನು ಮುಟ್ಟದೇ ಇರುವ ಒಂದು ಸಂಖ್ಯೆ ಇದೆ: ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಒಂದೇ ಅಂಕಿಯಲ್ಲಿ ಹೇಳುವ ಸೂಚ್ಯಂಕ. ಟಿವಿಯಲ್ಲಿ "ಲಾಹೋರ್ 1000 ದಾಟಿತು, ದೆಹಲಿ 490" ಅಂತ ಅಕ್ಕಪಕ್ಕ ಹಾಕುತ್ತಾರಲ್ಲ, 2024ರ ನವೆಂಬರ್‌ನಲ್ಲಂತೂ ದಿನಾ ಇದೇ ಆಗಿತ್ತು, ಆ ಹೋಲಿಕೆಗೆ ಅರ್ಥವೇ ಇಲ್ಲ. ಭಾರತದ ಎಕ್ಯೂಐ 500ಕ್ಕೆ ನಿಲ್ಲುತ್ತದೆ, ಮೇಲೆ ಹೋಗುವುದೇ ಇಲ್ಲ. ಲಾಹೋರಿನ ಆ ಸಂಖ್ಯೆ ಅಮೆರಿಕದ ಲೆಕ್ಕದ್ದು. ಸರಿ, ಏನೋ ಒಂದು ಗುಣಿಸಿ ಸರಿಮಾಡೋಣ ಅಂದರೆ ಅದೂ ಆಗುವುದಿಲ್ಲ. ಪಿಎಂ 2.5 ಒಂದನ್ನೇ ತೆಗೆದುಕೊಳ್ಳಿ. ದಿನದ ಸರಾಸರಿ 50 ಮೈಕ್ರೋಗ್ರಾಂ ಇದ್ದರೆ ನಮ್ಮ ಲೆಕ್ಕದಲ್ಲಿ ಸುಮಾರು 83, "ತೃಪ್ತಿಕರ". ಅಮೆರಿಕದ 2024ರ ಹೊಸ ಲೆಕ್ಕದಲ್ಲಿ ಸುಮಾರು 137. ಅದೇ 100 ಮೈಕ್ರೋಗ್ರಾಂ ಆದರೆ ಉಲ್ಟಾ: ನಮ್ಮದು 232ರ ಹತ್ತಿರ, ಅವರದ್ದು 182. ಹಾಗಾಗಿ ಯಾರಾದರೂ ಎಕ್ಯೂಐ ಮಾತ್ರ ಇರುವ ಫೈಲ್ ಕಳಿಸಿದರೆ ವಾಪಸ್ ಕೇಳುತ್ತೇನೆ: ಘನ ಮೀಟರಿಗೆ ಎಷ್ಟು ಮೈಕ್ರೋಗ್ರಾಂ, ಅದನ್ನು ಕೊಡಿ ಸಾಕು, ಎಕ್ಯೂಐನ ಹಸಿರು ಕೆಂಪು ಬಣ್ಣ ನಾವೇ ಹಚ್ಚಿಕೊಳ್ಳುತ್ತೇವೆ.

ಇನ್ನು ಗಡಿಯಾರ. ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ನನ್ನ ಹೆಚ್ಚಿನ ಹೊತ್ತು ಹೋಗುವುದು ಇಲ್ಲೇ. ಪಾಕಿಸ್ತಾನ ಯುಟಿಸಿಗಿಂತ (ಇಡೀ ಜಗತ್ತು ಒಪ್ಪಿಕೊಂಡ ಮೂಲ ಸಮಯ) 5 ಗಂಟೆ ಮುಂದೆ, ನಾವು 5:30, ನೇಪಾಳ 5:45. ಲಾಹೋರಿನಲ್ಲಿ 10ರಿಂದ 11ರವರೆಗಿನ ಸರಾಸರಿ ಅಂದರೆ ಅಮೃತಸರದಲ್ಲಿ ಅದು 10:30ರಿಂದ 11:30, ಕಠ್ಮಂಡುವಿನಲ್ಲಿ 10:45ರಿಂದ 11:45. ಗಂಟೆಯ ಡೇಟಾ ಮಾತ್ರ ಇದ್ದರೆ ಇವು ಯಾವತ್ತೂ ಸರಿಯಾಗಿ ಕೂರುವುದಿಲ್ಲ. ಸಿಪಿಸಿಬಿ ಪೋರ್ಟಲ್‌ನಲ್ಲಿ 15 ನಿಮಿಷದ ಅಂಕಿ ಸಿಗುವುದು ಇಲ್ಲಿ ಪುಣ್ಯ. ಅದನ್ನು ಇಳಿಸಿಕೊಂಡು ಯುಟಿಸಿಗೆ ಹೊಂದಿಸಿ ಗಂಟೆಯ ಸರಾಸರಿಯನ್ನು ನಾನೇ ಮತ್ತೆ ಕಟ್ಟುತ್ತೇನೆ. ಮತ್ತೊಂದು ಕಾಟ: "11" ಅಂತ ಬರೆದಿದ್ದರೆ ಅದು 10ರಿಂದ 11ರದ್ದೋ, 11ರಿಂದ 12ರದ್ದೋ? ಎಷ್ಟೋ ಫೈಲ್‌ಗಳಲ್ಲಿ ಹೇಳಿರುವುದೇ ಇಲ್ಲ. ಬಿಸಿಲು ಅಳೆಯುವ ಕಾಲಂ ಇದ್ದರೆ ಅದನ್ನು ನೋಡುತ್ತೇನೆ. ಸೂರ್ಯ ಹುಟ್ಟುವ ಮೊದಲೇ ಬಿಸಿಲು ಕಾಣಿಸಿದರೆ ಗಡಿಯಾರ ಎಲ್ಲಿ ಜಾರಿದೆ ಅಂತ ಗೊತ್ತಾಗುತ್ತದೆ.

ಯಂತ್ರ ಯಾವುದು ಅನ್ನುವುದಕ್ಕೂ ಒಂದು ಕಾಲಂ ಇಟ್ಟಿದ್ದೇನೆ. ಬೀಟಾ ಕಿರಣದಿಂದ ಕಣಗಳ ತೂಕ ಅಳೆಯುವ ದೊಡ್ಡ ಮಾನಿಟರ್ ಬೇರೆ, ಬೆಳಕು ಚದುರುವುದನ್ನು ನೋಡುವ ಅಗ್ಗದ ಸೆನ್ಸರ್ ಬೇರೆ. ಡಿಸೆಂಬರ್, ಜನವರಿಯಲ್ಲಿ ಪಂಜಾಬಿನ ಎರಡೂ ಬದಿ ದಟ್ಟ ಮಂಜು ಬೀಳುತ್ತದೆ. ತೇವಕ್ಕೆ ಕಣಗಳು ಊದಿಕೊಳ್ಳುತ್ತವೆ, ಸೆನ್ಸರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಂತ ಅವನ್ನು ಬಿಸಾಡುವುದಿಲ್ಲ, ಲಾಹೋರಿನ ಎಷ್ಟೋ ಬಡಾವಣೆಗಳ ಸುಳಿವು ಸಿಗುವುದೇ ಜನ ಸ್ವಂತ ದುಡ್ಡಿನಲ್ಲಿ ಮನೆ ಮೇಲೆ ಇಟ್ಟುಕೊಂಡ ಸೆನ್ಸರ್‌ಗಳಿಂದ. ತೇವಾಂಶ ಜಾಸ್ತಿ ಇದ್ದ ಗಂಟೆಗಳಿಗೆ ಗುರುತು ಹಾಕಿ ಬಿಡುತ್ತೇನೆ, ಅಷ್ಟೇ.

ದೆಹಲಿ, ಲಾಹೋರ್, ಕಠ್ಮಂಡು, ಢಾಕಾಗಳಲ್ಲಿ ಅಮೆರಿಕದ ರಾಯಭಾರ ಕಚೇರಿಗಳ (ಲಾಹೋರಿನಲ್ಲಿ ಕಾನ್ಸುಲೇಟ್‌ನ) ಮಾನಿಟರ್‌ಗಳಿದ್ದವು. ಊರಿಗೊಂದೋ ಎರಡೋ ಇದ್ದರೂ ನನಗೆ ಅವು ಬಹಳ ಮುಖ್ಯ, ಯಾಕೆಂದರೆ ಎಲ್ಲ ಕಡೆ ಅಳತೆಯ ರೀತಿ ಒಂದೇ, ಅಳೆಯುವವರು ಮೂರನೆಯವರು. ಕಾವೇರಿ ವಿಷಯದಲ್ಲಿ ಬಿಳಿಗುಂಡ್ಲು ನೆನಪಿಸಿಕೊಳ್ಳಿ. ಅಲ್ಲಿ ನೀರು ಅಳೆಯುವುದು ಕರ್ನಾಟಕವೂ ಅಲ್ಲ, ತಮಿಳುನಾಡೂ ಅಲ್ಲ, ಕೇಂದ್ರ ಜಲ ಆಯೋಗ. ಎಷ್ಟು ಬಿಡಬೇಕು ಅಂತ ಜಗಳ ಇದ್ದೇ ಇದೆ, ಆದರೆ ಎಷ್ಟು ಹರಿಯಿತು ಅನ್ನಲು ಇಬ್ಬರ ಮುಂದೂ ಒಂದು ಅಂಕಿ ಇರುತ್ತದೆ. 2025ರ ಮಾರ್ಚ್‌ನಲ್ಲಿ ಆ ರಾಯಭಾರ ಕಚೇರಿಗಳ ಡೇಟಾ ಹಂಚಿಕೆ ನಿಂತಿತು. ಈಗ ನಾನು ಹಳೆಯ ವರ್ಷಗಳಲ್ಲಿ ಹತ್ತಿರದ ಸರ್ಕಾರಿ ಸ್ಟೇಷನ್ ಆ ಮಾನಿಟರ್‌ಗಿಂತ ಎಷ್ಟು ಮೇಲೆ ಕೆಳಗೆ ಇತ್ತು ಅಂತ ನೋಡಿ, ಅದರ ಮೇಲೆ ಇವತ್ತಿನ ಅಂಕಿಯನ್ನು ಎಷ್ಟು ನಂಬಬಹುದು ಅಂತ ತೀರ್ಮಾನಿಸುತ್ತೇನೆ. ವರ್ಷ ಕಳೆದ ಹಾಗೆ ಈ ದಾರಿಯೂ ದುರ್ಬಲವಾಗುತ್ತದೆ.

ಟೇಬಲ್ ಸಿದ್ಧವಾದ ಮೇಲೆ ಗಾಳಿಯ ದಿಕ್ಕು ಸೇರಿಸುತ್ತೇನೆ, ನಾಸಾದ ಉಪಗ್ರಹ ಕಂಡ ಬೆಂಕಿಯ ಜಾಗಗಳನ್ನೂ ಸೇರಿಸುತ್ತೇನೆ. ಹಗಲಲ್ಲಿ ಆ ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಆಸುಪಾಸು, ಸಂಜೆ ಹಚ್ಚಿದ ಕೂಳೆ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ, ಅಂದರೆ ಅವರ ಕಡೆಯಿಂದ ನಮ್ಮ ಕಡೆಗೆ. ನಡುನಡುವೆ ಪೂರ್ವದಿಂದ ಬೀಸಿದಾಗ ನಮ್ಮ ಪಂಜಾಬಿನ ಹೊಗೆ ಲಾಹೋರಿಗೆ ಹೋಗುತ್ತದೆ. "ಯಾರ ಹೊಗೆ ಸಾರ್ ಅದು?" ಅಂತ ಕೇಳುವವರಿಗೆ ತಾರೀಕು ಹೇಳಿ, ಗಂಟೆ ಹೇಳಿ ಅನ್ನುತ್ತೇನೆ. ಇಡೀ ನವೆಂಬರ್‌ಗೆ ಒಂದೇ ಉತ್ತರ ಕೊಡಲು ನನ್ನ ಟೇಬಲ್‌ಗೆ ಆಗುವುದಿಲ್ಲ.