ವಿಟಮಿನ್ ಡಿ ವರದಿ ಮತ್ತು ವಯಸ್ಸಿನ ಕಣ್ಣು: ಏನು ಮಾಡಬೇಕು?

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ನಡುಭಾಗ, ಅಂದರೆ ಮ್ಯಾಕ್ಯುಲಾ, ವಯಸ್ಸಾದಂತೆ ಸವೆಯುವ ರೋಗಕ್ಕೂ ವಿಟಮಿನ್ ಡಿ ಕೊರತೆಗೂ ನಂಟಿದೆ ಎಂದು ಕೆಲವು ಸಮೀಕ್ಷೆಗಳು ಸೂಚಿಸಿದ್ದವು. ಆದರೆ ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ವೈಟಲ್ ಪ್ರಯೋಗದಲ್ಲಿ, ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ) ವಿಟಮಿನ್ ಡಿ3 ಅನ್ನು ಐದು ವರ್ಷಕ್ಕೂ ಮೀರಿ ಸೇವಿಸಿದವರಲ್ಲಿ ಈ ರೋಗ ಗಮನಾರ್ಹವಾಗಿ ಕಡಿಮೆಯಾಗಲಿಲ್ಲವೆಂದು 2020ರಲ್ಲಿ ವರದಿಯಾಯಿತು. ಆದ್ದರಿಂದ ಕಣ್ಣಿಗಾಗಿಯೇ ಈ ಮಾತ್ರೆ ಕೊಳ್ಳಬೇಡಿ.

ಕೊರತೆಯ ಅನುಮಾನವಿದ್ದರೆ ವೈದ್ಯರ ಸಲಹೆಯಂತೆ 25-ಹೈಡ್ರಾಕ್ಸಿ ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆಯೆನ್ನುತ್ತಾರೆ. ಅದನ್ನು ಮೂಳೆಗಳ ಹಿತಕ್ಕಾಗಿ ಸರಿಪಡಿಸಿಕೊಳ್ಳಿ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ವಾರಕ್ಕೊಮ್ಮೆ ನುಂಗಬೇಕಾದ 60,000 ಐಯು ಮಾತ್ರೆಯನ್ನು ದಿನವೂ ನುಂಗುವುದು ಅಪಾಯಕರ.

ಕಣ್ಣಿಗೆ ನಿಜವಾಗಿ ನೆರವಾಗುವುದು ಧೂಮಪಾನ ಬಿಡುವುದು, ಸೊಪ್ಪು ತಿನ್ನುವುದು ಮತ್ತು ಹಿಗ್ಗಿಸಿದ ಪಾಪೆಯ ಮೂಲಕ ರೆಟಿನಾ ಪರೀಕ್ಷೆ. ರೋಗ ಮಧ್ಯಮ ಹಂತದಲ್ಲಿದ್ದರೆ ಲ್ಯೂಟಿನ್, ಜಿಯಾಕ್ಸಾಂಥಿನ್, ಸತು, ತಾಮ್ರ ಹಾಗೂ ಸಿ, ಇ ವಿಟಮಿನ್‌ಗಳಿರುವ ಏರೆಡ್ಸ್-2 ಮಿಶ್ರಣದ ಬಗ್ಗೆ ನೇತ್ರತಜ್ಞರನ್ನು ಕೇಳಿ. ಗಮನಿಸಿ, ಆ ಮಿಶ್ರಣದಲ್ಲಿ ವಿಟಮಿನ್ ಡಿ ಇಲ್ಲ. ಮನೆಯಲ್ಲಿ ಒಂದು ಕಣ್ಣು ಮುಚ್ಚಿ ಆಮ್ಸ್ಲರ್ ಚೌಕಜಾಲವನ್ನು (ದೃಷ್ಟಿ ಪರೀಕ್ಷಿಸಲು ನೇರ ಗೆರೆಗಳಿಂದ ಬರೆದ ಚೌಕಗಳ ಚಿತ್ರ) ನೋಡಿದಾಗ ನೇರ ಗೆರೆಗಳು ಹೊಸದಾಗಿ ಡೊಂಕಾಗಿ ಕಂಡರೆ, ತಡಮಾಡದೆ ನೇತ್ರತಜ್ಞರಲ್ಲಿಗೆ ಹೋಗಿ.